ಅತ್ತೆಯ ಕೈ

ಜೂನ್ ೩, ಮಂಗಳವಾರ. ಬೆಳಿಗ್ಗೆ ೬.೧೦

ಹಾಲು ಕುಡಿದದ್ದು ೫.೪೦ಕ್ಕೆ, ಹನ್ನೊಂದು ನಿಮಿಷ. ತೇಗು ಬಂತು. ಒದ್ದೆ ಬಟ್ಟೆ ಎರಡು. ಈಗ ಮಲಗಿದ್ದಾಳೆ. ಉಸಿರು ಎಣಿಸಿದೆ — ನಿಮಿಷಕ್ಕೆ ನಲವತ್ತೆರಡು. ಮತ್ತೆ ಎಣಿಸಿದೆ, ನಲವತ್ತನಾಲ್ಕು. ಎರಡು ಯಾಕೆ ಹೆಚ್ಚಾಯಿತು ಎಂದು ಯೋಚಿಸುತ್ತ ಕೂತೆ.

ಇವರು ಎದ್ದು ಬಂದು, "ನಿದ್ದೆ ಮಾಡಿದ್ಯಾ?" ಅಂದರು. "ಮಾಡಿದೆ" ಅಂದೆ. ಡೈರಿಗಾದರೂ ನಿಜ ಹೇಳಬೇಕು. ಇಲ್ಲ.

ಎಂಟು ತಿಂಗಳು ತುಂಬುವ ಮೊದಲೇ ಹುಟ್ಟಿದವಳು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತಾರು ದಿನ. ಮನೆಗೆ ಬಂದು ಇವತ್ತಿಗೆ ಒಂಬತ್ತು. ಅಲ್ಲಿ ಮೆಷಿನ್ ಎಣಿಸುತ್ತಿತ್ತು. ಇಲ್ಲಿ ನಾನು.

ಜೂನ್ ೪, ಬುಧವಾರ

ನರ್ಸಕ್ಕ ತೂಕದ ತಕ್ಕಡಿ ಹಿಡಿದು ಬಂದರು. ಎರಡು ಕೆಜಿ ನೂರಾ ಎಂಬತ್ತು. ಹೋದ ಬುಧವಾರಕ್ಕಿಂತ ಅರವತ್ತು ಗ್ರಾಮ್ ಹೆಚ್ಚು. ಅದರ ಎರಡರಷ್ಟಾದರೂ ಆಗಬೇಕಿತ್ತಂತೆ.

"ಹಾಲು ಸಾಲ್ತಿದೆಯಮ್ಮ. ಮುಟ್ಟೋದು ಸಾಲ್ತಿಲ್ಲ. ದಿನಕ್ಕೆ ಎರಡು ಸಲ ಎಣ್ಣೆ ಹಚ್ಚಿ ಮೈ ನೀವಬೇಕು. ಇಂಥ ಮಕ್ಕಳಿಗೆ ಅದೂ ಊಟಾನೇ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಆಗಲೇ ಸೆರಗು ಸಿಕ್ಕಿಸಿಕೊಂಡಿದ್ದರು. "ನಾನು ಹಚ್ತೀನಿ ಬಿಡಿ."

"ಬೇಡ. ಡಾಕ್ಟರು ಬೇರೆಯವರು ಮುಟ್ಟಬಾರದು ಅಂದಿದ್ದಾರೆ. ಇನ್ಫೆಕ್ಷನ್..." ಅಂದೆ ನಾನು.

ಡಾಕ್ಟರು ಹಾಗೆ ಅಂದೇ ಇಲ್ಲ. ನರ್ಸಕ್ಕ ನನ್ನ ಮುಖ ನೋಡಿದರು, ತಕ್ಕಡಿ ಎತ್ತಿಕೊಂಡರು. ಅತ್ತೆ ಸೆರಗು ಬಿಚ್ಚಿಕೊಂಡು ಒಳಗೆ ಹೋದರು.

ಕಾರಣ ಇಲ್ಲಿ ಬರೆದಿಡುತ್ತೇನೆ, ಬೇರೆಲ್ಲೂ ಹೇಳುವಂತಿಲ್ಲ. ನಮ್ಮ ಚರ್ಚಿನ ಸಭೆಯಲ್ಲಿ ಹೆಂಗಸು ಯಾರೇ ತೀರಿಕೊಂಡರೂ ಅತ್ತೆಗೆ ಫೋನ್ ಬರುತ್ತದೆ. ಸ್ನಾನ ಮಾಡಿಸಿ, ಮೈಗೆ ಎಣ್ಣೆ ಹಚ್ಚಿ, ಬಟ್ಟೆ ಉಡಿಸಿ ಪೆಟ್ಟಿಗೆಗೆ ಸಿದ್ಧ ಮಾಡುವುದು ಅವರೇ. ಇಪ್ಪತ್ತೆರಡು ವರ್ಷದಿಂದ. ಹೋದ ವಾರ ರಿಟೈರಾದ ಹೆಡ್‌ಮಿಸ್ ಹೋದರು. ಅತ್ತೆ ಮಧ್ಯಾಹ್ನ ಅಲ್ಲಿಂದ ಬಂದರು, ತಲೆಗೆ ಸ್ನಾನ ಮಾಡಿದರು, ಸಂಜೆ "ಕೊಡು, ಎತ್ಕೋತೀನಿ" ಎಂದು ಕೈ ಚಾಚಿದರು.

ಮೈಕ್ರೋಬಯಾಲಜಿ ಓದಿದವಳು ನಾನು. ಸೋಪು ಏನು ತೊಳೆಯುತ್ತದೆ ಎಂಬುದು ಪರೀಕ್ಷೆಯಲ್ಲಿ ಹತ್ತು ಮಾರ್ಕಿನ ಪ್ರಶ್ನೆ. ತಲೆಗೆ ಗೊತ್ತು. ಹೊಟ್ಟೆ ಕೇಳಬೇಕಲ್ಲ.

ನಾನೇ ಹಚ್ಚಲು ಹೋದೆ. ಬೆರಳ ಕೆಳಗೆ ಪಕ್ಕೆಲುಬು, ಛತ್ರಿಯ ಕಡ್ಡಿಗಳ ಹಾಗೆ. ಎರಡೇ ನಿಮಿಷಕ್ಕೆ ಬಟ್ಟೆ ಸುತ್ತಿಬಿಟ್ಟೆ.

ಜೂನ್ ೬, ಶುಕ್ರವಾರ

ಪಾಸ್ಟರಮ್ಮನ ಫೋನು. ಮುಂದಿನ ಶನಿವಾರದ ಹೆಂಗಸರ ಕೂಟದಲ್ಲಿ ಮಾತಾಡುವ ಸರದಿ ನನ್ನದಂತೆ. ಯೇಸುವಿಗೆ ಸುಗಂಧತೈಲ ಸುರಿದ ಹೆಂಗಸಿನ ಕಥೆ.

"ಹತ್ತೇ ನಿಮಿಷ ಕಣೇ. ಓದಿದವಳು, ಚೆನ್ನಾಗಿ ಅರ್ಥ ಬಿಡಿಸಿ ಹೇಳ್ತೀಯ. ಮಗೂನ ನಿನ್ನ ಯಜಮಾನ್ರು ನೋಡ್ಕೊಳ್ಳಲಿ. ಒಂದು ಗಂಟೆಗೆ ಅವರೇನು ಕರಗಿಹೋಗಲ್ಲ."

ಒಲ್ಲೆ ಅನ್ನಲು ಬಾಯಿ ತೆರೆದೆ. ಸರಿ ಎಂದು ಬಂತು.

ಜೂನ್ ೭. ಮಧ್ಯಾಹ್ನ

ಕಾಲೇಜಿನ ಹಾಗೆ ಪಾಯಿಂಟ್ ಮಾಡಿಕೊಂಡೆ.

ಸುವಾರ್ತೆ ಬರೆದ ನಾಲ್ವರೂ ಇಂಥ ಕಥೆ ಹೇಳುತ್ತಾರೆ, ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಇಬ್ಬರಲ್ಲಿ ತೈಲ ತಲೆಗೆ, ಇಬ್ಬರಲ್ಲಿ ಪಾದಕ್ಕೆ. ಒಬ್ಬನಲ್ಲಿ ಅವಳು ಪಾಪಿ, ಇನ್ನೊಬ್ಬನಲ್ಲಿ ಸಾವಿನಿಂದೆದ್ದ ಲಾಜರನ ತಂಗಿ. ಎಲ್ಲೂ ಅವಳು ಒಂದು ಮಾತೂ ಆಡುವುದಿಲ್ಲ. ಮಾತೆಲ್ಲ ಸುತ್ತ ಕೂತ ಗಂಡಸರದು. ಒಂದು ವರ್ಷದ ದುಡಿಮೆಯಷ್ಟು ಬೆಲೆಯ ತೈಲ, ಇದೆಂಥ ದಂಡ, ಬಡವರಿಗಾದರೂ ಕೊಡಬಹುದಿತ್ತು... ನಿಜ ಹೇಳಬೇಕೆಂದರೆ ನಾನು ಗಂಡಸರ ಕಡೆ. ತೊಟ್ಟು ತೊಟ್ಟು ಬಳಸಿದ್ದರೆ ಏನಾಗುತ್ತಿತ್ತು?

ಆಮೇಲೆ ಆ ಮಾತು. ಇವಳು ನನ್ನ ದೇಹವನ್ನು ಸಮಾಧಿಗೆ ಸಿದ್ಧಮಾಡಿದಳು ಎಂದು ಯೇಸು ಹೇಳುವುದು. ಊಟಕ್ಕೆ ಕೂತ ಮನುಷ್ಯ. ಮೈ ಬೆಚ್ಚಗಿದೆ. ಅಂಥವನಿಗೆ ಹೆಣಕ್ಕೆ ಮಾಡುವುದನ್ನು...

ಪುಸ್ತಕ ಮುಚ್ಚಿದೆ. ಮಗುವಿನ ಎಣ್ಣೆ ಬಾಟಲಿ ತೆಗೆದು ಬೀರುವಿನ ಮೇಲಿಟ್ಟೆ, ಕೈಗೆ ಸಿಗದ ಹಾಗೆ.

ಜೂನ್ ೧೧, ಬುಧವಾರ

ಮೂರು ದಿನ ಬರೆದಿಲ್ಲ. ಎಣ್ಣೆಯೂ ಹಚ್ಚಿಲ್ಲ.

ತೂಕ ೨ ಕೆಜಿ ೨೨೦. ವಾರಕ್ಕೆ ನಲವತ್ತು ಗ್ರಾಮ್.

"ಇನ್ನೊಂದು ವಾರ ನೋಡೋಣ," ಅಂದರು ನರ್ಸಕ್ಕ. "ಹೀಗೇ ಆದ್ರೆ ಮತ್ತೆ ಆಸ್ಪತ್ರೆಗೆ ಸೇರಿಸ್ಬೇಕಾಗತ್ತೆ."

ಮತ್ತೆ ಗಾಜಿನ ಪೆಟ್ಟಿಗೆ.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಅತ್ತೆ, ತಿರುಗಿ ನೋಡದೆ:

"ನನ್ನ ಕೈ ನೋಡಿದ್ರೆ ನಿನಗೆ ಹೆಣ ಕಾಣತ್ತೆ, ಅಲ್ವಾ?"

ನಾನು ಒಲೆಯ ಮೇಲಿನ ಹಾಲು ಇಳಿಸಿದೆ.

"ಹೇಳಮ್ಮ, ನನಗೇನೂ ಬೇಜಾರಿಲ್ಲ." ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯುತ್ತಿದ್ದರು. "ನಿನ್ನ ಗಂಡ ಇದೇ ಕೈಲಿ ಬೆಳೆದವನು."

"ಆಗ ನೀವು ಆ ಕೆಲಸಕ್ಕೆ ಹೋಗ್ತಿರಲಿಲ್ಲ. ಶುರು ಮಾಡಿದಾಗ ಇವರಿಗೆ ಹತ್ತು ವರ್ಷ."

ನಲ್ಲಿ ನಿಲ್ಲಿಸಿದರು. "ಪರವಾಗಿಲ್ಲ. ಲೆಕ್ಕ ಚೆನ್ನಾಗಿಟ್ಟಿದ್ದೀಯ."

ಅವತ್ತಿನಿಂದ ನಮ್ಮ ರೂಮಿನ ಹೊಸ್ತಿಲು ದಾಟಿಲ್ಲ. ಹೊರಗಿನಿಂದಲೇ ಕೇಳುತ್ತಾರೆ, ಕುಡಿದಳಾ? ಮಲಗಿದಳಾ? ನೆರೆಮನೆಯವರು ಕೇಳುವ ಹಾಗೆ. (ಅವತ್ತಿನಿಂದ ಎಂದು ಬರೆದೆ. ಇವತ್ತೇ ಇದು, ಬೆಳಿಗ್ಗೆ. ವಾರವಾದ ಹಾಗಿದೆ.)

ಜೂನ್ ೧೪, ಶನಿವಾರ. ಸಂಜೆ ೭

ಕೂಟ ಮುಗಿಯಿತು. ಮರೆಯುವ ಮೊದಲು ಬರೆಯಬೇಕು.

ಹತ್ತೊಂಬತ್ತು ಕುರ್ಚಿ, ಹದಿನಾರು ಹೆಂಗಸರು. ಫ್ಯಾನಿಗೆ ನನ್ನ ಕಾಗದ ಹಾರುತ್ತಿತ್ತು, ಹೆಬ್ಬೆರಳಿಂದ ಒತ್ತಿ ಹಿಡಿದುಕೊಂಡೆ. ಅತ್ತೆ ಕೊನೆಯ ಸಾಲಿನಲ್ಲಿ. ಬಂದದ್ದು ಒಟ್ಟಿಗೆ, ಕೂತದ್ದು ಬೇರೆ. ಮನೆಗೆ ಎರಡು ಸಲ ಫೋನ್ ಮಾಡಿದೆ. "ಮಲಗಿದ್ದಾಳೆ ಮಾರಾಯ್ತಿ, ನಿನ್ನ ಫೋನಿಗೇ ಎದ್ದಾಳು" ಅಂದರು ಇವರು.

ಪಾಯಿಂಟ್ ಒಂದು, ಎರಡು ಆಯಿತು. ಮೂರನೆಯದು: ಯೇಸು ಸತ್ತ ಮೂರನೇ ದಿನ ಬೆಳಿಗ್ಗೆ ಬೇರೆ ಹೆಂಗಸರೂ ಸುಗಂಧ ತೆಗೆದುಕೊಂಡು ಸಮಾಧಿಗೆ ಹೋದರು. ಹಚ್ಚಲು ದೇಹವೇ ಇರಲಿಲ್ಲ. ತಲುಪಿದ್ದು ಇವಳೊಬ್ಬಳದು, ಮೊದಲೇ ಕೊಟ್ಟದ್ದರಿಂದ. ಬರೆದುಕೊಂಡಿದ್ದನ್ನು ಓದಿದೆ, ಅಷ್ಟೆ. ಪಾಠ ಒಪ್ಪಿಸುವ ಹಾಗೆ.

ಟೈಲರಕ್ಕ ಮಧ್ಯೆ ಬಾಯಿ ಹಾಕಿದರು. ಅವರಿಗೆ ಕೈ ಎತ್ತುವ ಅಭ್ಯಾಸವಿಲ್ಲ.

"ನಮ್ಮಮ್ಮ ಹೋದಾಗ ಒಂದು ತಮಾಷೆ ನಡೀತು. ಇವರತ್ತೆ ಬಂದವರೇ ಒಲೆ ಹಚ್ಚಿ ಅಂದ್ರು. ಎಣ್ಣೆ ಬೆಚ್ಚಗೆ ಮಾಡ್ಬೇಕಂತೆ! ನಮ್ಮಣ್ಣ ರೇಗಿದ — ಸತ್ತವರಿಗೆ ಚಳಿ ಆಗತ್ತಾ, ಸುಮ್ನೆ ಗ್ಯಾಸ್ ದಂಡ ಅಂತ. ಅಂಥ ದಿನದಲ್ಲೂ ನಾವೆಲ್ಲ ನಕ್ಕುಬಿಟ್ವಿ."

"ಅದಕ್ಕೆ ಇವರೇನಂದ್ರು?" ಪಾಸ್ಟರಮ್ಮ ಕೇಳಿದರು.

"ನಿಮ್ಮಮ್ಮಂಗೆ ಗೊತ್ತಾಗಲ್ಲ, ನನಗೂ ಗೊತ್ತಪ್ಪ, ಅಂದ್ರು. ಈ ಕೈ ಮಕ್ಕಳಿಗೆ ಹಚ್ಚಿ ಕಲಿತಿದ್ದು, ತಣ್ಣನೆ ಎಣ್ಣೆ ಮುಟ್ಟಲ್ಲ ಅಂದ್ರು."

ಕೂಟದಲ್ಲಿ ನಗು. ಅತ್ತೆ ತಲೆ ಎತ್ತಲಿಲ್ಲ. ನಾನು ನಗಲಿಲ್ಲ.

ದಿಕ್ಕನ್ನೇ ತಪ್ಪಾಗಿ ಓದಿದ್ದೆ. ಆ ಕೈ ಹೆಣದಿಂದ ಮಗುವಿನ ಕಡೆ ಬರುತ್ತಿದೆ ಎಂದುಕೊಂಡಿದ್ದೆ. ಅದು ಮಗುವಿನಿಂದ ಆ ಕಡೆಗೆ ಹೋದದ್ದು.

"ನಾಲ್ಕನೇದು ಹೇಳು," ಅಂದರು ಪಾಸ್ಟರಮ್ಮ.

"ಮರೆತುಹೋಯ್ತು."

ಕಾಗದ ಕೈಯಲ್ಲೇ ಇತ್ತು.

ವಾಪಸು ಬರುವಾಗ ಅತ್ತೆ ಅಂದದ್ದು ಇಷ್ಟೇ: "ಸ್ವಲ್ಪ ಜೋರಾಗಿ ಮಾತಾಡ್ಬೇಕಿತ್ತು. ಹಿಂದಕ್ಕೆ ಕೇಳಿಸಲಿಲ್ಲ."

ಜೂನ್ ೧೫, ಭಾನುವಾರ. ಮಧ್ಯಾಹ್ನ ೩.೩೦

ಬೆಳಿಗ್ಗೆ ಆರಾಧನೆ ಮುಗಿಯುವಷ್ಟರಲ್ಲಿ ಅತ್ತೆಗೆ ಫೋನು. ಆರ್ಗನ್ ನುಡಿಸುವವರ ಅಕ್ಕ ತೀರಿಕೊಂಡರಂತೆ. ಹೋಗಿ, ಎರಡೂವರೆಗೆ ಬಂದರು. ಸ್ನಾನ ಮಾಡಿ, ಒದ್ದೆ ಕೂದಲು ಬಿಟ್ಟುಕೊಂಡು ಹೊರಗಿನ ಮೆಟ್ಟಿಲ ಮೇಲೆ ಪೇಪರ್ ಹಿಡಿದು ಕೂತರು. ಒಳಗೆ ಬರಲಿಲ್ಲ.

ಮಗುವನ್ನು ಎತ್ತಿಕೊಂಡು ಹೋದೆ.

"ಬೇಡಮ್ಮ. ಈಗ ತಾನೇ ಅಲ್ಲಿಂದ ಬಂದಿದ್ದೀನಿ. ನಾಳೆ ನೋಡೋಣ."

"ಇವತ್ತೇ."

"ಆಮೇಲೆ ನಿನಗೆ ನಿದ್ದೆ ಬರಲ್ಲ."

"ಈಗ ಬರ್ತಿದೆಯಾ?"

ಪೇಪರ್ ಮಡಿಸಿದರು. ನಗು ತಡೆದದ್ದು ಮೂಗಿನಿಂದ ಹೊರಬಂತು. "ಅದೂ ಸರಿ."

ಈಗ ಒಳಗಿನ ರೂಮಿನಲ್ಲಿದ್ದಾರೆ, ಕಾಲು ಚಾಚಿ, ಅದರ ಮೇಲೆ ಅವಳು, ಪಕ್ಕದಲ್ಲಿ ಬೆಚ್ಚಗೆ ಮಾಡಿದ ಎಣ್ಣೆ. ಬಾಗಿಲು ತೆರೆದಿದೆ. ನಾನು ಈಚೆ ಕೂತು ಬರೆಯುತ್ತಿದ್ದೇನೆ, ನೋಡುತ್ತ ನಿಂತರೆ ಕಿತ್ತುಕೊಂಡುಬಿಟ್ಟೇನು ಎಂದು. ಹೆದರಿಕೆ ಹೋಗಿಲ್ಲ. ಹೊಟ್ಟೆಯಲ್ಲಿ ಹಾಗೇ ಇದೆ. ಬುಧವಾರ ತಕ್ಕಡಿ ಏನು ಹೇಳುತ್ತದೋ ಗೊತ್ತಿಲ್ಲ.

ಒಂದು ಸದ್ದು. ಅಳುವಲ್ಲ. ಇವಳ ಬಾಯಿಂದ ಈ ಸದ್ದು ನಾನು ಕೇಳಿರಲಿಲ್ಲ.

"ಏನೇ ಕಳ್ಳಿ," ಅತ್ತೆ ಅವಳನ್ನು ಕೇಳುತ್ತಿದ್ದಾರೆ, "ನಿಮ್ಮಮ್ಮ ಅಷ್ಟೊಂದು ಏನು ಬರೀತಾಳೆ? ನನ್ನ ಮೇಲೆ ಚಾಡಿನಾ?"

ಮತ್ತೆ ಅದೇ ಸದ್ದು.

ಕರೆಯುತ್ತಿದ್ದಾರೆ. ಟವೆಲ್ ಬೇಕಂತೆ, ಚಿಕ್ಕದಲ್ಲ, ಒಣಹಾಕಿದೆಯಲ್ಲ ಆ ದೊಡ್ಡ—