ನಕ್ಕು ಹೋದ ಕೂಸುಗಳು

ಕಲ್ಲವ್ವಾಯಿ,

ನೀನು ಹೋದ ಮೇಲೆ ಅಮ್ಮಿನಬಾವಿಯಲ್ಲಿ ಮೂರು ಅಮಾವಾಸ್ಯೆ ಕಳೆದಿವೆ. ನಿನಗೆ ಓದು ಬರುತ್ತಿರಲಿಲ್ಲ. ನನ್ನ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು "ಇರಿವಿ ಸಾಲ ಹಿಡದು ಹೊಂಟಾವಲ್ಲಬೇ ತಂಗಿ" ಎಂದು ನೀನು ನನ್ನನ್ನು ರೇಗಿಸುತ್ತಿದ್ದೆ. ಈಗ ಈ ಕಾಗದವನ್ನು ಅಲ್ಲಿ ನಿನಗೆ ಓದಿ ಹೇಳುವವರು ಯಾರು? ಸೂಲಗಿತ್ತಿಯಾದ ನಿನ್ನ ಕೈ ಬಲ್ಲವರು ನಿನಗಿಂತ ಮೊದಲೇ ಬಹಳ ಮಂದಿ ಹೋಗಿದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರಿಗೆ ಇನ್ನೂ ಮಾತೇ ಬಂದಿರಲಿಲ್ಲ.

ಕೊನೆಗೆ ನೀನು ಕೇಳುತ್ತಿದ್ದುದು ಒಂದೇ ಸುದ್ದಿಯಂತೆ. ನೀಲವ್ವನ ಈ ಸಲದ ಕೂಸು ಉಳಿಯುತ್ತದೆಯೋ ಇಲ್ಲವೋ. ಅದನ್ನು ಹೇಳಲೆಂದೇ ಕುಳಿತಿದ್ದೇನೆ. ಆದರೆ ನನ್ನ ಅಪ್ಪ ಹುಬ್ಬಳ್ಳಿಯ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು, ನಾನು ಅಕ್ಷರ ಕಲಿತದ್ದೇ ಅವರು ತರುತ್ತಿದ್ದ ದಿನಪತ್ರಿಕೆಯಲ್ಲಿ. ನಡೆದದ್ದನ್ನು ನಡೆದ ಹಾಗೆಯೇ ಒಂದರ ಹಿಂದೆ ಒಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅದರಲ್ಲಿ ನನ್ನ ತಪ್ಪೂ ಒಂದಿದೆ.

ಹೋದ ವರ್ಷದ ಬೇಸಿಗೆಯ ಆ ಮಧ್ಯಾಹ್ನ ನಿನಗೆ ನೆನಪಿರಲೇಬೇಕು. ನಾನು ಹುಬ್ಬಳ್ಳಿಯ ದವಾಖಾನೆಯಲ್ಲಿ ಹೆರಿಗೆಯ ಕೆಲಸ ಕಲಿತು, ನರ್ಸಬಾಯಿ ಅನ್ನಿಸಿಕೊಂಡು ನಿಮ್ಮೂರಿಗೆ ಬಂದು ತಿಂಗಳೂ ಆಗಿರಲಿಲ್ಲ. ನೀಲವ್ವ ಮೂರನೆಯ ಕೂಸು ಹಡೆದು ಎಂಟನೆಯ ದಿನ, ಅದೂ ನಿನ್ನ ಕೈಯಲ್ಲೇ. ಅವಳ ಮೊದಲಿನ ಎರಡೂ ಕೂಸುಗಳು ನಿನ್ನ ಕೈಯಲ್ಲೇ ಹುಟ್ಟಿ, ಎಂಟು ಹತ್ತು ದಿನಕ್ಕೆ ಹೋಗಿದ್ದವು. ಬಾಣಂತಿಯ ಕೋಣೆಗೆ ಕಾಲಿಟ್ಟಾಗ ನನಗೆ ಏನೂ ಕಾಣಿಸಲಿಲ್ಲ. ಮಾಳಿಗೆಯ ಬೆಳಕಿಂಡಿಗೆ ಗೋಣಿತಾಟು ತುರುಕಿದ್ದರು. ಅಗ್ಗಿಷ್ಟಿಗೆಯ ಹೊಗೆ ಗೋಡೆಯಿಂದ ಗೋಡೆಗೆ ನಿಂತಿತ್ತು. ಕಣ್ಣು ಹೊಂದಿಕೊಂಡ ಮೇಲೆ ಮೊದಲು ಕಂಡದ್ದು ಕೂಸಿನ ನಗು.

"ನೋಡ್ರಿ ಬಾಯಾರ, ಮುಂಜಾನಿಂದ ಹಿಂಗ ನಗಾಕತ್ತೈತಿ. ಶೆಟವಿ ತಾಯಿ ಕೂಸಿನ ಕೂಡ ಆಡಾಕತ್ತಾಳ" ಎಂದಳು ನೀಲವ್ವನ ಅತ್ತೆ ಚನ್ನಬಸವ್ವ. ಹುಟ್ಟಿದ ಐದನೆಯ ದಿನ ಬಂದು ಹಣೆಯಲ್ಲಿ ಬರೆಯುವ ಆ ತಾಯಿಯೇ ಕೂಸನ್ನು ನಿದ್ದೆಯಲ್ಲಿ ನಗಿಸುತ್ತಾಳೆಂದು ನಾನೂ ಚಿಕ್ಕಂದಿನಿಂದ ಕೇಳಿದವಳೇ. ಆದರೆ ಈ ಕೂಸು ನಿದ್ದೆಯಲ್ಲಿರಲಿಲ್ಲ. ಹುಬ್ಬು ಮೇಲೇರಿತ್ತು, ಕಣ್ಣು ಅರೆಬಿಗಿದಿತ್ತು, ತುಟಿ ಎರಡೂ ಕಡೆಗೆ ಎಳೆದು ನಿಂತಿತ್ತು. ಬೆರಳಿನಿಂದ ಗದ್ದ ಒತ್ತಿದೆ. ತೆರೆಯಲಿಲ್ಲ. ಹೊರಗೆ ಯಾರೋ ಕೊಡ ಇಳಿಸಿದ ಸಪ್ಪಳಕ್ಕೆ ಆ ಅಂಗೈಯಷ್ಟು ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗಿತು. ಮುಖ ಮಾತ್ರ ನಗುತ್ತಲೇ ಇತ್ತು.

"ಯಾವಾಗಿಂದ ಮೊಲಿ ಹಿಡದಿಲ್ಲ?" ಎಂದು ನೀಲವ್ವನನ್ನು ಕೇಳಿದೆ. ಅವಳು ಅತ್ತೆಯತ್ತ ನೋಡಿ, ಗೋಡೆಗೆ ಹೇಳುವಂತೆ ಹೇಳಿದಳು, "ನಿನ್ನಿ ಮುಂಜಾನಿಂದ್ರಿ. ಹೇಳಿದ್ರ ನಿನ್ನ ಹಾಲ ಛಲೋ ಇಲ್ಲ ಅಂತಾರ್ರಿ. ಎರಡ ಸಲಾ ಅನಿಸ್ಕೊಂಡೇನಿ." ಅವಳ ತುಟಿ ಒಣಗಿ ಸೀಳಿತ್ತು. ಬಾಣಂತಿಗೆ ನೀರು ಕೊಡಬಾರದೆಂದು ಎಂಟು ದಿನದಿಂದ ಅವಳಿಗೆ ಬೊಗಸೆ ನೀರೂ ಸರಿಯಾಗಿ ಸಿಕ್ಕಿರಲಿಲ್ಲ. ನನ್ನ ಮದ್ದಿನ ಪೆಟ್ಟಿಗೆಯಲ್ಲಿ ಕೂಸಿನ ರೋಗಕ್ಕೆ ಮದ್ದಿರಲಿಲ್ಲ. ಮರುದಿನ ಆ ಕೂಸು ಹೋಯಿತು. ಮಣ್ಣಿಗೆ ಒಯ್ಯುವಾಗಲೂ ನಗು ಇಳಿದಿರಲಿಲ್ಲವೆಂದು ಚನ್ನಬಸವ್ವ ಓಣಿಯಲ್ಲಿ ಹೇಳಿಕೊಂಡು ಬಂದಳು. ತಾಯಿ ಕರೆದುಕೊಂಡಳು, ನಕ್ಕೊಂತ ಹೋಯಿತು, ಎಂದು. ಆ ಮಾತಿನಿಂದ ಅವಳಿಗೆ ನಿಜಕ್ಕೂ ಸಮಾಧಾನವಾಗಿತ್ತೇ?

ಕೂಸು ಹೋದ ದಿನ ಸಂಜೆಯೇ ನಿನ್ನ ಮನೆಗೆ ಬಂದೆ. ಹೊಕ್ಕುಳ ಕೊಯ್ಯುವ ಕುಡಗೋಲು ತೋರಿಸೆಂದೆ. ನೀನು ದನ ಕಟ್ಟುವ ಕಡೆ ಹೋಗಿ, ಗೋಡೆಯ ಸಂದಿಯಿಂದ ಅದನ್ನು ಎಳೆದು ತಂದೆ. ನಿನ್ನ ತಾಯಿಯ ತಾಯಿಯದು. ಆಕಳು ಲಕ್ಷ್ಮಿ, ಅದರ ಹತ್ತಿರವೇ ಇರಬೇಕು. ತೊಳೆಯಬಾರದು, ತೊಳೆದರೆ ಕೈಗುಣ ಹೋಗುತ್ತದೆ, ಎಂದೆ ನೀನು. ಹಿಂದಿನ ಹೆರಿಗೆಯ ಕಪ್ಪು ಅದರ ಮೇಲೆ ಹಾಗೆಯೇ ಒಣಗಿತ್ತು, ಸಗಣಿ ಮೆತ್ತಿತ್ತು. ಇದು ಧನುರ್ವಾಯು, ಸಗಣಿಯಲ್ಲಿರುವ ಕಣ್ಣಿಗೆ ಕಾಣದ ಹುಳು ಹೊಕ್ಕುಳಿನಿಂದ ಒಳಗೆ ಹೋಗುತ್ತದೆ, ಎಂದು ಪಾಠ ಒಪ್ಪಿಸಿದಂತೆ ಹೇಳಿದೆ. ನೀನು ನಕ್ಕೆ.

"ನಿನ್ನ ಹೊಕ್ಕಳಾ ಕೊಯ್ದದ್ದೂ ಇದನ. ಸತ್ತೀಯೇನು?"

ಅವ್ವನ ತವರು ಇದೇ ಊರು, ಅವಳು ನನ್ನನ್ನು ಹಡೆದದ್ದು ಇಲ್ಲೇ, ನಿನ್ನ ಕೈಯಲ್ಲೇ. ನಾನು ಸತ್ತಿರಲಿಲ್ಲ.

ಆ ಸಿಟ್ಟಿನಲ್ಲಿ ನಾನು ಮಾಡಿದ್ದು ನನಗೆ ಗೊತ್ತಿದ್ದ ಒಂದೇ ಕೆಲಸ. ಕುಡಗೋಲಿನ ವಿಷಯ ಪತ್ರಿಕೆಗೆ ಬರೆದೆ. ಊರಿನ ಹೆಸರಿರಲಿಲ್ಲ, ನಿನ್ನ ಹೆಸರಿರಲಿಲ್ಲ. ಮೊದಲ ಪುಟದಲ್ಲಿ ಯುದ್ಧದ ಸುದ್ದಿ, ಮೂರನೆಯ ಪುಟದ ಮೂಲೆಯಲ್ಲಿ ನನ್ನದು. ಧಾರವಾಡಕ್ಕೆ ಹತ್ತಿ ಒಯ್ದಿದ್ದ ಯಾರೋ ಆ ಪತ್ರಿಕೆ ತಂದು ಚಾವಡಿಯ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದಿದರು. ಅವತ್ತಿನಿಂದ ನಿನ್ನನ್ನು ಯಾರೂ ಕರೆಯಲಿಲ್ಲ. ನನ್ನನ್ನೂ ಕರೆಯಲಿಲ್ಲ. ಕೆಳಗಿನ ಓಣಿಯ ಒಬ್ಬ ಹುಡುಗಿಯ ಹೆರಿಗೆಯನ್ನು ಅವಳ ಅತ್ತೆಯೇ ಮಾಡಿಸಿ, ಮೇವು ಕೊಯ್ಯುವ ಕುಡಗೋಲಿನಿಂದಲೇ ಹೊಕ್ಕುಳು ಕೊಯ್ದಳು. ಆ ಕೂಸೂ ನಕ್ಕಿತು.

ಅದರ ಮರುದಿನ ಬಾವಿಯ ಹತ್ತಿರ ಸಿಕ್ಕಾಗ ನೀನು ಹೇಳಿದ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. "ಕಟ್ಟಿ ಮ್ಯಾಲಿನ ಗಂಡಸರಿಗೆಲ್ಲಾ ತಿಳಿಸಿದಿ ಬಿಡು. ಗಂಡಸರು ಹಡೀತಾರೇನು?" ಸುತ್ತಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನನಗೆ ಮುಖ ಬಿಸಿಯಾಯಿತು. ಬಿಸಿಯಾಗಿದ್ದು ಮಾತು ನಿಜವಾಗಿದ್ದಕ್ಕೆ.

ಮುಂದಿನ ದಿನಗಳಲ್ಲಿ ನಾನು ಪತ್ರಿಕೆ ಹಿಡಿದು ಹೆಂಗಸರು ಹತ್ತಿ ಬಿಡಿಸುವಲ್ಲಿ, ಶಾವಿಗೆ ಹೊಸೆಯುವಲ್ಲಿ ಹೋಗಿ ಕುಳಿತೆ. ಚಳಿಜ್ವರ ಹೇಗೆ ಬರುತ್ತದೆ, ವಾಂತಿಭೇದಿಯ ಕಾಲದಲ್ಲಿ ನೀರು ಯಾಕೆ ಕಾಸಬೇಕು, ಬಸುರಿಗೆ ಕಾಲು ಬಾತರೆ ಯಾರಿಗೆ ತೋರಿಸಬೇಕು, ಎಂದು ಓದಿ ಹೇಳಿದೆ. ಕೇಳಿದರು, ನಿನ್ನನ್ನು ಕೇಳುವ ಹಾಗಲ್ಲ. ಅಷ್ಟರಲ್ಲಿ ನೀಲವ್ವ ಮತ್ತೆ ಬಸುರಾದಳು. ಇದೂ ಹೋದರೆ ಮಗನಿಗೆ ಇನ್ನೊಂದು ತರುತ್ತೇವೆಂದು ಚನ್ನಬಸವ್ವ ನನ್ನೆದುರಿಗೇ ಅಂದಳು. ನೀಲವ್ವ ಹತ್ತಿಯ ಕಾಯಿ ಬಿಡಿಸುತ್ತಿದ್ದ ಬೆರಳು ನಿಲ್ಲಿಸಲಿಲ್ಲ.

ಅವಳಿಗೆ ಏಳು ತಿಂಗಳಾದಾಗ ಒಂದು ಮಧ್ಯಾಹ್ನ ನೀನು ನನ್ನ ಕೋಣೆಗೆ ಬಂದೆ. ಹೊಸ್ತಿಲ ಮೇಲೇ ಕುಳಿತೆ. ಆಮೇಲೆ, "ಗೌರವ್ವಾ, ಒಂದ ಮಾತ ಕೇಳತೇನಿ, ಖರೇ ಹೇಳಬೇಕು. ಹುಳಾ ಬೆಂಕ್ಯಾಗ ಸಾಯತಾವೇನು?" ಎಂದೆ.

"ಸಾಯತಾವ ಆಯಿ."

"ಕುಡಗೋಲು ಮೊಂಡ ಆದಾಗೆಲ್ಲ ಕಮ್ಮಾರಗ ಕೊಡತಿದ್ನೆಲಾ. ಆಂವ ಕೆಂಪಗ ಕಾಸಿ ಬಡದು ಕೊಡಾಂವ. ಹಂಗ ತಂದ ಮ್ಯಾಲೆ ಮೊದಲ ಕೊಯ್ದ ಕೂಸು ಒಂದೂ ಹೋಗಿಲ್ಲ. ಒಂದೂ. ನಾ ಅದು ಕಮ್ಮಾರನ ಕೈಗುಣ ಅಂದ್ಕೊಂಡಿದ್ದೆ."

ದವಾಖಾನೆಯಲ್ಲಿ ಪುಸ್ತಕ ಇಟ್ಟುಕೊಂಡು ನಾವು ಕಲಿತದ್ದನ್ನು ನೀನು ನಲವತ್ತು ವರ್ಷದ ಹೆರಿಗೆಗಳನ್ನು ಮನಸ್ಸಿನಲ್ಲೇ ಸಾಲಾಗಿ ಇಟ್ಟು ಕಂಡುಕೊಂಡಿದ್ದೆ. ಹಾಗೆ ಸಾಲಾಗಿ ಇಡುವಾಗ ಎಷ್ಟು ಮುಖಗಳು ಎದುರಿಗೆ ಬಂದಿದ್ದವೋ... ನಾನು ಕೇಳಲಿಲ್ಲ.

ಮರುದಿನ ನಡುಹಗಲಿಗೆ ನನ್ನನ್ನು ಕರೆದುಕೊಂಡು ಊರೊಳಗೆ ಹೊರಟೆ. ಗಂಡಸರೆಲ್ಲ ಹೊಲದಲ್ಲಿದ್ದರು. ಓಣಿಯಲ್ಲಿ ನೆರಳೂ ಬೀಳದ ಹೊತ್ತು. ಒಂದು ನಾಯಿಯೂ ಬೊಗಳಲಿಲ್ಲ. ನೀನು ಒಂದು ಬಾಗಿಲಿಗೆ ನಿಂತೆ, ಒಳಗಿನ ಹೆಂಗಸನ್ನು ಹೆಸರು ಹಿಡಿದು ಕರೆದೆ. ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಗಂಗವ್ವಾ, ನಿನ್ನ ನಡುವಿನ ಕೂಸು ನಕ್ಕು ಸತ್ತಿತ್ತಲ್ಲಾ. ಅದು ಶೆಟವಿ ನಗಿಸಿದ್ದಲ್ಲ. ನನ್ನ ಕುಡಗೋಲು. ನಿನ್ನ ಹಾಲಿನ ತಪ್ಪಲ್ಲ." ಅಷ್ಟೇ. ಅವಳ ಉತ್ತರಕ್ಕೆ ಕಾಯದೆ ಮುಂದಿನ ಬಾಗಿಲಿಗೆ ಹೋದೆ.

ಹೀಗೆ ಎಷ್ಟು ಬಾಗಿಲು? ಯಾವುದನ್ನು ಕಂಡರೂ ಬರೆದಿಟ್ಟುಕೊಳ್ಳುವವಳು ನಾನು, ಅವತ್ತು ಮೂರನೆಯ ಬಾಗಿಲಿನ ನಂತರ ಲೆಕ್ಕ ಬಿಟ್ಟೆ. ಕೆಲವು ಮನೆಗಳನ್ನು ನೀನು ನೋಡದೆ ದಾಟುತ್ತಿದ್ದೆ. ಕೆಲವು ಕಡೆ ಎರಡು ಸಲ ಹೇಳಿದೆ, ಎರಡು ಕೂಸುಗಳಿಗೆ. ಒಬ್ಬ ಮುದುಕಿ ಮಾತು ಮುಗಿಯುವ ಮೊದಲೇ ಕದ ಹಾಕಿಕೊಂಡಳು. ಹಾಕಿದ ಕದಕ್ಕೇ ಉಳಿದ ಮಾತು ಹೇಳಿದೆ. ಒಬ್ಬಳು ನೀರಿನ ತಂಬಿಗೆ ತಂದು ನಿನ್ನ ಕೈಗಿಟ್ಟು ಒಳಗೆ ಹೋದಳು. ತಿರುಗಿ ನೋಡಿದರೆ ದಾಟಿ ಬಂದ ಬಾಗಿಲುಗಳಲ್ಲೆಲ್ಲ ಹೆಂಗಸರು ಹೊರಗೆ ಬಂದು ನಿಂತಿದ್ದರು. ಪ್ರತಿಯೊಬ್ಬಳ ತೋಳೂ ಎದೆಯ ಹತ್ತಿರ ಮಡಚಿಕೊಂಡಿತ್ತು, ಏನನ್ನೋ ಎತ್ತಿಕೊಂಡ ಹಾಗೆ.

ನೀಲವ್ವನ ಮನೆಯಲ್ಲಿ ಚನ್ನಬಸವ್ವ ಅಡ್ಡ ನಿಂತಳು. "ಬಸುರಿ ಮನಿ ಐತಿ ಇದು. ಸಾವಿನ ಮಾತ ತಗೊಂಡು ಬರಬ್ಯಾಡ, ಹೋಗು" ಎಂದಳು. ನೀನು ಅವಳ ಹೆಗಲಿನಾಚೆಗೆ ನೋಡಿ ಹೇಳಿದೆ, "ನೀಲಾ, ಮೂರೂ ನನ್ನವು. ನಿನ್ನವಲ್ಲ."

ಕೊನೆಯ ಬಾಗಿಲಿಗೆ ಬೀಗವಿತ್ತು. ಅವ್ವನ ತವರುಮನೆ. ಅಜ್ಜಿ ತೀರಿಕೊಂಡ ಮೇಲೆ ಅಲ್ಲಿ ಯಾರೂ ಇಲ್ಲ. ನೀನು ಕದದ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದೆ. "ಇಲ್ಲಿ ನಿಮ್ಮವ್ವನ ಚೊಚ್ಚಲ. ಗಂಡು. ಒಂಬತ್ತನೇ ದಿನಾ ನಕ್ಕೊಂತ ಹೋತು. ಆಮ್ಯಾಲೆ ನೀ. ಕುಡಗೋಲು ಕಮ್ಮಾರನ ಕಡಿಂದ ತಂದ ದಿನಾನ ನೀ ಹುಟ್ಟಿದಿ."

ನನಗೊಬ್ಬ ಅಣ್ಣನಿದ್ದನೆಂದು ನನಗೆ ಗೊತ್ತಿರಲಿಲ್ಲ, ಆಯಿ. ಚಿಕ್ಕಂದಿನಲ್ಲಿ ನನ್ನ ತಮ್ಮ ತಂಗಿಯರು ತೊಟ್ಟಿಲಲ್ಲಿ ನಿದ್ದೆಗಣ್ಣಲ್ಲಿ ನಕ್ಕರೆ ಅವ್ವ ಓಡಿ ಬಂದು ಕೆನ್ನೆ ತಟ್ಟಿ ಎಬ್ಬಿಸಿಬಿಡುತ್ತಿದ್ದಳು. ಯಾಕೆ ಎಬ್ಬಿಸುತ್ತೀ ಎಂದು ಅಪ್ಪ ಬೈಯುತ್ತಿದ್ದರು. ಆ ಬೀಗದ ಮುಂದೆ ನಿಂತಾಗ ಅದು ನೆನಪಾಯಿತು. ನೀನು ನನ್ನ ಬಾಯಿಂದ ಒಂದು ಮಾತಿಗೆ ಕಾದೆ. ಬೈಗುಳಕ್ಕೋ, ಬೇರೆ ಯಾವುದಕ್ಕೋ. ನಾನು ಏನೂ ಹೇಳದೆ ಬಂದುಬಿಟ್ಟೆ. ಸಂಜೆಯ ಚಕ್ಕಡಿಯಲ್ಲಿ ಧಾರವಾಡಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ.

ಅವ್ವ ಮೊರದಲ್ಲಿ ಅಕ್ಕಿ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಹೇಳಿದೆ. ಕೈ ನಿಂತಿತು. "ಅಂದ್ರ ನನ್ನ ಹಾಲಾಗ ಏನೂ ದೋಷ ಇರಲಿಲ್ಲಾ?" "ಇರಲಿಲ್ಲವ್ವಾ." "ನಿಮ್ಮಜ್ಜಿ ಸಾಯೂತನಕಾ ಇತ್ತು ಅಂತನ ಅಂದ್ಳು." ಮೊರ ಕೆಳಗಿಟ್ಟು ಕೇಳಿದಳು, "ಕಲ್ಲವ್ವ ತಾನಾಗೇ ಹೇಳಿದ್ಲೇನು?" ಹೂಂ ಎಂದೆ. "ಆಕಿಗೆ ಹೇಳು, ನನಗ ಸಿಟ್ಟಿಲ್ಲ ಅಂತ. ಇಲ್ಲ, ಸಿಟ್ಟೈತಿ. ಇದ್ರೂ ಇರಲಿ, ಒಂದ ದಿನಾ ಬಂದು ಉಂಡ ಹೋಗಂತ ಹೇಳು."

ಈ ಮಾತನ್ನು ಹೊತ್ತುಕೊಂಡು ನಾನು ಹನ್ನೆರಡನೆಯ ದಿನ ಬಂದೆ. ನೀನು ಮೂರು ದಿನದ ಹಿಂದೆ ಚಳಿಜ್ವರದಲ್ಲಿ ಹೋಗಿದ್ದೆ. ಅದರ ಮದ್ದು, ಕ್ವಿನೈನ್ ಗುಳಿಗೆಗಳು, ಇದೇ ಊರಲ್ಲಿ, ನನ್ನ ಪೆಟ್ಟಿಗೆಯಲ್ಲಿದ್ದವು. ಪೆಟ್ಟಿಗೆಯ ಕೀಲಿ ನನ್ನ ಸೊಂಟದಲ್ಲಿ, ಹುಬ್ಬಳ್ಳಿಯಲ್ಲಿತ್ತು. ಇದನ್ನು ನಾನು ಯಾವ ಪತ್ರಿಕೆಗೂ ಬರೆದಿಲ್ಲ. ನಿನಗೆ ಹೇಳುತ್ತಿದ್ದೇನೆ. ಈಗ ಕೀಲಿ ಚನ್ನಬಸವ್ವನ ಪಕ್ಕದ ಮನೆಯ ಗಂಗವ್ವನ ಹತ್ತಿರವೂ ಒಂದಿದೆ. ಯಾವ ಗುಳಿಗೆ ಯಾವುದಕ್ಕೆ, ಎಷ್ಟು, ಎಂದು ಅವಳಿಗೆ ಕಲಿಸಿದ್ದೇನೆ.

ಇನ್ನು ನೀಲವ್ವನ ಸುದ್ದಿ. ನೋವು ಶುರುವಾದಾಗ ಅವಳ ಅತ್ತೆ ಬೇರೆ ಊರಿನ ಸೂಲಗಿತ್ತಿಗೆ ಹೇಳಿಕಳಿಸಲು ಹೊರಟಳು. ನೀಲವ್ವ ಬಾಗಿಲ ಚೌಕಟ್ಟು ಹಿಡಿದು ನಿಂತು, "ನರ್ಸಬಾಯಿ ಬರೂತನಕಾ ನಾ ಹಡಿಯಾಂಗಿಲ್ಲ" ಎಂದಳಂತೆ. "ಹಡಿಯೂದು ನಿನ್ನ ಕೈಯಾಗೈತೇನಬೇ?" ಎಂದು ಅತ್ತೆ ಗದರಿಸಿದರೆ, "ಮೈ ನಂದೈತ್ರಿ ಅತ್ತಿ. ಕಲ್ಲವ್ವಾಯಿ ಬಾಗಲದಾಗ ನಿಂತು ಹೇಳಿದ್ದು ನನಗ, ನಿಮಗಲ್ಲ" ಎಂದಳಂತೆ. ಗಂಗವ್ವ ಓಡಿ ಬಂದು ನನ್ನನ್ನು ಕರೆದೊಯ್ದಳು. ಕತ್ತರಿಯನ್ನು ಚನ್ನಬಸವ್ವನ ಒಲೆಯ ಮೇಲೆಯೇ ಕುದಿಸಿದೆ. ಬೆಳಕಿಂಡಿಯ ಗೋಣಿತಾಟನ್ನು ನೀಲವ್ವನೇ ತೆಗೆಸಿದಳು. ಹೆಣ್ಣು ಕೂಸು.

ಎಂಟನೆಯ ದಿನ ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ಕರೆಯದೆಯೇ ಬಂದು ಆ ಕೋಣೆಯಲ್ಲಿ ಕುಳಿತರು. ಯಾಕೆಂದು ಯಾರೂ ಕೇಳಲಿಲ್ಲ. ಬೆಳಕಿಂಡಿಯ ಬಿಸಿಲು ಕೂಸಿನ ಕಾಲಿನ ಮೇಲೆ ಬಿದ್ದಿತ್ತು. ಆಗ ಅದು ನಕ್ಕಿತು. ಶೆಟವಿ ತಾಯಿಯ ಹೆಸರನ್ನು ಚನ್ನಬಸವ್ವನೂ ಎತ್ತಲಿಲ್ಲ. ನನ್ನ ಕೈ ಮೇಲೇಳಲಿಲ್ಲ, ಆಯಿ, ಕಲಿತ ಕೈ. ನೀಲವ್ವ ಮುಂದೆ ಬಾಗಿ ಕಿರುಬೆರಳನ್ನು ಕೂಸಿನ ತುಟಿಗಿಟ್ಟಳು. ಬಾಯಿ ತೆರೆಯಿತು. ಬೆರಳನ್ನು ಹಿಡಿದು ಜಗ್ಗಿತು.

"ಹಸದೈತಿ" ಎಂದು ಅವಳು ಕೂಸನ್ನು ಎತ್ತಿಕೊಂಡಳು.

ಅದಕ್ಕೀಗ ಒಂದೂವರೆ ತಿಂಗಳು. ಊರಲ್ಲಿ ಈಗ ಹೊಸದೊಂದು ಶುರುವಾಗಿದೆ. ಯಾವ ಮನೆಯ ಕೂಸು ನಿದ್ದೆಯಲ್ಲಿ ನಕ್ಕರೂ ಹತ್ತಿರವಿದ್ದ ಹೆಂಗಸಿನ ಬೆರಳು ತಾನಾಗಿ ಹೋಗಿ ಅದರ ಗದ್ದ ಒತ್ತುತ್ತದೆ. ಕೂಸು ಎಚ್ಚರಾಗಿ ಅಳುತ್ತದೆ. ಈ ಕಾಗದ ಬರೆಯುತ್ತಿರುವಾಗಲೂ ಮೇಲಿನ ಓಣಿಯಲ್ಲಿ ಒಂದು, ಕೆಳಗಿನ ಓಣಿಯಲ್ಲಿ ಒಂದು, ಬಾವಿಯ ಕಡೆ ಇನ್ನೊಂದು ಅಳುತ್ತಿವೆ. ನಗುವುದೆಲ್ಲ ರೋಗವಲ್ಲ, ಮಲಗಲು ಬಿಡಿ, ಎಂದು ನಾನು ಇವರಿಗೆ ಹೇಳಬೇಕು. ಹೇಳುತ್ತೇನೆ, ನಾಳೆಯಿಂದ, ಒಂದೊಂದೇ ಬಾಗಿಲಿಗೆ ಹೋಗಿ. ಇವತ್ತು ಮಾತ್ರ ಸುಮ್ಮನೆ ಕೇಳುತ್ತ ಕುಳಿತಿದ್ದೇನೆ.

ನಿನ್ನ ಕೈಯಲ್ಲಿ ಹುಟ್ಟಿ ಉಳಿದವಳು,
ಗೌರಿ