ಬಿ ಯಾಕೆ ಎರಡು ಕಡೆ?

ಮೇ 4, ಬೆಳಿಗ್ಗೆ

ಯಾರು ನೀನು, ಇದನ್ನು ತೆರೆದವಳು? ಮುಚ್ಚು. ನಾಚಿಕೆ ಆಗಲ್ಲವೆ? ಮುದುಕಿಯ ಪುಸ್ತಕದಲ್ಲಿ ಏನು ನಿಧಿ ಸಿಗುತ್ತೆ ಅಂದುಕೊಂಡೆ?

ಹಬ್ಬದ ಬ್ರೆಡ್ಡಿನ ಲೆಕ್ಕ ಬರೆದಿಟ್ಟಿದ್ದೆ. ಒಂದು ಸಲದ ಹಿಟ್ಟಿಗೆ 18 ಮೊಟ್ಟೆ, ಏಳು ಸಲಕ್ಕೆ 116. ಇವತ್ತು ನೋಡಿದರೆ 116ರ ಮೇಲೆ ಗೀಟು, ಪಕ್ಕದಲ್ಲಿ ಪೆನ್ಸಿಲಿನಲ್ಲಿ 126. ಇಲಿ ಬಂದು ತಿದ್ದಿತೆ? ಮಗ ಅಡೆಲಿನೊ ಸ್ಕ್ಯಾಲಪ್ ಚಿಪ್ಪು ಬಾಚಲು ಸಮುದ್ರಕ್ಕೆ ಹೋಗಿದ್ದಾನೆ. ಅವನ ಹೆಂಡತಿ ಬಿಟ್ಟುಹೋಗಿ ಕಾಲವಾಯಿತು, ಫ್ಲಾರಿಡಾದಿಂದ ಕ್ರಿಸ್‌ಮಸ್ ಕಾರ್ಡು ಬರುತ್ತೆ. ಮನೆಯಲ್ಲಿ ಉಳಿದವರು ನಾನು, ಅಜ್ಜಿಗೆ ನಮ್ಮ ಮಾತಿನಲ್ಲಿ ವವೊ ಅನ್ನುವ ಮೊಮ್ಮಗಳು ರೆನಾಟಾ. ನಮ್ಮ ಪೋರ್ಚುಗೀಸ್ ಓದಲು ಕಲಿಸಿದ್ದು ನಾನೇ — ಪ್ರಾರ್ಥನೆ ಪುಸ್ತಕ ಓದಲಿ ಅಂತ. ಇದನ್ನಲ್ಲ.

ಮೊಟ್ಟೆ ಮಾತ್ರ 126 ಅನ್ನೋದೇ ಸರಿ. ಎರಡು ಸಲ ಕೂಡಿ ನೋಡಿದೆ.

ಮೇ 7, ಸಂಜೆ

ಕೇಲ್ ಸೊಪ್ಪಿನ ಸೂಪು ಕುದಿಯುತ್ತಿತ್ತು. ಮೇಜಿನ ಹತ್ತಿರ ರೆನಾಟಾ, ಅವಳ ಗೆಳತಿ ಜಾಸ್ಲಿನ್. ಮುಂದಿನ ವರ್ಷ ಹೈಸ್ಕೂಲಿನ ಕೊನೇ ವರ್ಷ, ಯಾವ ಗಣಿತ ತಗೊಳ್ಳುವುದು ಅಂತ ಮಾತು. ನನ್ನ ಮದುವೆಗೆ ಗಂಡು ಹುಡುಕುವಾಗಲೂ ಇಷ್ಟು ಚರ್ಚೆ ಆಗಿರಲಿಲ್ಲ.

"ಸ್ಟಾಟಿಸ್ಟಿಕ್ಸಾ? ಹುಚ್ಚು ಹಿಡೀತಾ? ನೀನು ಕೇಳ್ತಿರೋ ಕಾಲೇಜಿನವರು ನೂರರಲ್ಲಿ ಎಂಟು ಜನಾನ ತಗೋತಾರೆ ಕಣೇ. ನಗ್ತಾರೆ ನಿನ್ನ ಅರ್ಜಿ ನೋಡಿ. ಬಿ-ಸಿ ತಗೋ," ಅಂದಳು ಜಾಸ್ಲಿನ್.

"ಟೀಚರ್ ನನ್ನ ಹೆಸರು ಬಿ-ಸಿಗೆ ಬರೆದಿಲ್ಲ. ಚಳಿಗಾಲದ ಟೆಸ್ಟಲ್ಲಿ ಎಪ್ಪತ್ತೊಂದು ಬಂತಲ್ಲ."

"ಮನೇಲಿ ಸಹಿ ಹಾಕಿಸ್ಕೊಂಡು ಬಾ. ಸೇರಿಸ್ಕೊಳ್ಳಲೇಬೇಕು. ಎಲ್ಲರೂ ಅದನ್ನೇ ಮಾಡೋದು."

"ಏನದು ಬಿ-ಸಿ?" ಅಂದೆ.

"ಕ್ಯಾಲ್ಕುಲಸ್, ವವೊ. ಎರಡಿದೆ. ಎ-ಬಿ ಒಂದು, ಬಿ-ಸಿ ಒಂದು. ಬಿ-ಸಿ ಕಷ್ಟದ್ದು."

"ಬಿ ಯಾಕೆ ಎರಡು ಕಡೆ? ಅದನ್ನ ಎರಡು ಸಲ ಕಲೀತೀರಾ?"

ಜಾಸ್ಲಿನ್ ನಕ್ಕ ರಭಸಕ್ಕೆ ಸೂಪು ಮೂಗಿಗೆ ಹತ್ತಿತು. ರೆನಾಟಾ ನಗಲಿಲ್ಲ.

ಗೆಳತಿ ಹೋದ ಮೇಲೆ ನೋಡಿದೆ. ಕಿಟಕಿ ಗಾಜಿಗೆ ಹಬೆ ಹಿಡಿದಿತ್ತು. ಅದರ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದಾಳೆ — ಒಂದು ಬಾಗಿದ ಗೆರೆ, ಅದಕ್ಕೆ ಒಂದೇ ಒಂದು ಕಡೆ ತಾಗಿದ ನೆಟ್ಟಗಿನ ಗೆರೆ, ಸುತ್ತ ಅಂಕಿ. ಮುಖದಲ್ಲಿ ಚಿಕ್ಕಂದಿನ ಕಳೆ. ನನ್ನ ಕಂಡದ್ದೇ ತೋಳಿನಿಂದ ಒರೆಸಿಬಿಟ್ಟಳು.

"ಸ್ಟಾಟಿಸ್ಟಿಕ್ಸೇ ತಗೋತೀನಿ," ಅಂದಳು. ನಾನು ಕೇಳಿಯೇ ಇರಲಿಲ್ಲ.

ಮೇ 12

ಸ್ಕೂಲಿಗೆ ಹೋಗಿಬಂದೆ. ನಾನು ಹುಟ್ಟಿ ಬೆಳೆದ ಪೋರ್ಚುಗೀಸ್ ದ್ವೀಪದಲ್ಲಿ ಯಾರ ಹತ್ತಿರವಾದರೂ ಒಂದು ಮಾತು ಹೇಳಿಸಬೇಕಾದರೆ ಬರಿಗೈಯಲ್ಲಿ ಹೋಗುವ ಪದ್ಧತಿ ಇಲ್ಲ. ಸಿಹಿ ಬ್ರೆಡ್ ಮಾಡಿ, ಬಿಳಿ ಬಟ್ಟೆ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಹೋದೆ. ಮಕ್ಕಳಿಗೆ ಕಾಲೇಜಿನ ದಾರಿ ಹೇಳುವ ಹ್ಯಾಲೊರನ್ ಅಂತ ಒಬ್ಬ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ.

"ಉಡುಗೊರೆ ತಗೊಳ್ಳೋ ಹಾಗಿಲ್ಲ, ಮಿಸೆಸ್ ಫುರ್ಟಾಡೊ."

"ನಿಮಗ್ಯಾರು ಕೊಟ್ಟರು? ಕತ್ತರಿಸಿ ಎಲ್ಲರಿಗೂ ಹಂಚಿ."

ಹಂಚಿದ. ಅವನೇ ಎರಡು ಚೂರು ತಿಂದ. ನನ್ನದು ಶರ್ಟಿನ ಮಿಲ್ಲಿನಲ್ಲಿ ಕಲಿತ ಇಂಗ್ಲಿಷು. ಅದಕ್ಕೆ ಅವನು ಕಿವುಡಿಗೆ ಹೇಳುವ ಹಾಗೆ ಕಿರುಚಿ ಹೇಳಿದ. ಕಾಲೇಜಿನವರು ಅವನನ್ನು ಕೇಳುತ್ತಾರಂತೆ: ಈ ಹುಡುಗಿ ನಿಮ್ಮಲ್ಲಿರುವ ಅತಿ ಕಷ್ಟದ ಪಾಠಗಳನ್ನೇ ತಗೊಂಡಳೆ? ಅವನು ಹೌದು ಅನ್ನಬೇಕಾದರೆ ಬಿ-ಸಿ ಬೇಕು.

"ತಗೊಂಡು ಬಿದ್ದರೆ?"

"ಅದೂ ಅವರಿಗೆ ಕಾಣುತ್ತೆ."

"ಹಾಗಾದ್ರೆ ಸುಲಭದ್ದರಲ್ಲಿ ಹೆಚ್ಚು ಮಾರ್ಕು ಒಳ್ಳೇದೋ, ಕಷ್ಟದ್ದರಲ್ಲಿ ಕಡಿಮೆ ಮಾರ್ಕು ಒಳ್ಳೇದೋ?"

"ಕಷ್ಟದ್ದರಲ್ಲಿ ಹೆಚ್ಚು ಮಾರ್ಕು ಒಳ್ಳೇದು," ಅಂದ. ತಮಾಷೆಗಲ್ಲ. ದೊಡ್ಡ ಮೀನು ಬೇಕೋ ತಾಜಾ ಮೀನು ಬೇಕೋ ಅಂದರೆ ದೊಡ್ಡ ತಾಜಾ ಮೀನು ಅನ್ನುವ ಜಾತಿ. ಬಿ ಯಾಕೆ ಎರಡು ಕಡೆ ಅಂತಲೂ ಕೇಳಿದೆ. ಎ-ಬಿಯಲ್ಲಿರುವುದೆಲ್ಲ ಬಿ-ಸಿಯೊಳಗೆ ಇದೆಯಂತೆ. ಹಾಗಿದ್ದರೆ ಎ-ಬಿ-ಸಿ ಅನ್ನಬೇಕು ತಾನೆ? ತಲೆ ಕೆರೆದುಕೊಂಡ.

ಸಹಿಯ ಕಾಗದ ಕೊಟ್ಟ. ಟೀಚರ್ ಬೇಡ ಅಂದರೂ ಮನೆಯವರ ಜವಾಬ್ದಾರಿಯಲ್ಲಿ ಸೇರಿಸಿ ಅಂತ. ಈ ತಿಂಗಳ ಕೊನೆಗೆ ವಾಪಸ್ಸು ಕೊಡಬೇಕು. ಹೋದದ್ದು ಒಂದು ಗೊಂದಲ ಹೊತ್ತು, ಬಂದದ್ದು ನಾಲ್ಕು.

ಮೇ 13

"ನನ್ನ ಸ್ಕೂಲಿಗೆ ಬ್ರೆಡ್ ಹೊತ್ಕೊಂಡು ಹೋಗಿದ್ದೆಯಾ? ವವೊ!"

"ಹೊತ್ಕೊಂಡು ಹೋಗದೆ ಉರುಳಿಸ್ಕೊಂಡು ಹೋಗಲಾ?"

"ಎಲ್ಲರಿಗೂ ಗೊತ್ತಾಗಿದೆ! ಬಿ-ಸಿಗೆ ಸೇರಿದ್ರೆ ಬ್ರೆಡ್ ಕೊಟ್ಟು ಸೇರಿದಳು ಅಂತಾರೆ. ಸೇರದಿದ್ರೆ ಬ್ರೆಡ್ ಕೊಟ್ಟರೂ ಆಗಲಿಲ್ಲ ಅಂತಾರೆ."

ಬಾಗಿಲು ಧಡಾರ್. ಗೋಡೆಯ ಮೇಲೆ ನನ್ನ ಗಂಡನ ಫೋಟೊ ವಾರೆಯಾಯಿತು. ಇನ್ನೂ ನೆಟ್ಟಗೆ ಮಾಡಿಲ್ಲ. ಅವನೂ ಸ್ವಲ್ಪ ಅನುಭವಿಸಲಿ.

ಮೇ 19

ದೋಣಿ ಬಂತು. ಅಡೆಲಿನೊ ಎರಡು ದಿನ ಮನೆಯಲ್ಲಿದ್ದ, ಒಂದೂವರೆ ದಿನ ಮಲಗಿದ. ಎಬ್ಬಿಸಿ ಕೇಳಿದೆ. "ನೀನೇ ಸಹಿ ಹಾಕು ಅಮ್ಮ. ನನಗೆ ಚಿಪ್ಪು ಬಿಟ್ರೆ ಏನು ಗೊತ್ತು?" ಮತ್ತೆ ಹೋದ.

ರೆನಾಟಾ ನನ್ನ ಜೊತೆ ಮಾತಾಡುತ್ತಿಲ್ಲ. ಉಪ್ಪು ಬೇಕಾದರೂ ಎದ್ದು ತಾನೇ ತಗೊಳ್ಳುತ್ತಾಳೆ.

ಇದಿರಲಿ. ಬ್ರೆಡ್ಡಿಗೆ ಹಿಟ್ಟು: ಒಂದು ಸಲಕ್ಕೆ 14 ಪೌಂಡು, ಏಳು ಸಲಕ್ಕೆ 88.

ಮೇ 20, ಬೆಳಿಗ್ಗೆ

98. ಪೆನ್ಸಿಲು.

ಸಿಕ್ಕಿಬಿದ್ದೆ ನೀನು. ನಾನು ಬೇಕಂತಲೇ ತಪ್ಪು ಬರೆದಿದ್ದೆ ಕಣೇ. ಮೂತಿ ಊದಿಸಿಕೊಂಡರೂ ತಪ್ಪು ಲೆಕ್ಕ ಕಂಡರೆ ಕೈ ಸುಮ್ಮನಿರಲ್ಲ ನಿನಗೆ. ಹೇಗೂ ಓದುತ್ತೀಯಲ್ಲ, ಓದು. ಆ ಕಾಗದಕ್ಕೆ ನಾನು ಇನ್ನೂ ಸಹಿ ಹಾಕಿಲ್ಲ. ಗೆಳತಿಯನ್ನು ಕೇಳಿದ್ದಾಯಿತು, ಹ್ಯಾಲೊರನ್ನನ್ನು, ನಿಮ್ಮಪ್ಪನನ್ನು. ನಿನ್ನನ್ನು ಕೇಳುವುದೊಂದು ಬಿಟ್ಟುಹೋಗಿತ್ತು. ಒಂದಕ್ಕೆ ಸುತ್ತು ಹಾಕು, ಸಾಕು.

ಎ-ಬಿ

ಬಿ-ಸಿ

ಸ್ಟಾಟಿಸ್ಟಿಕ್ಸ್

ಮೇ 24

ನಾಲ್ಕು ದಿನ ಪುಸ್ತಕ ಮೇಜಿನ ಮೇಲೆ ತೆರೆದೇ ಇಟ್ಟಿದ್ದೆ. ಇವತ್ತು ದೀಪಕ್ಕೆ ಹಿಡಿದು ನೋಡಿದೆ. ಮೂರಕ್ಕೂ ಸುತ್ತು ಹಾಕಿದ್ದಾಳೆ. ಮೂರನ್ನೂ ಅಳಿಸಿದ್ದಾಳೆ. ಬಿ-ಸಿ ಹತ್ತಿರ ಉಜ್ಜಿ ಉಜ್ಜಿ ಕಾಗದ ತೂತು.

ಅಷ್ಟೇ. ಒಂದು ಅಕ್ಷರವಿಲ್ಲ.

ನಾಲ್ಕನೇ ಕ್ಲಾಸಿಗೇ ಓದು ಬಿಟ್ಟ ನನಗೆ ಮಾತ್ರ ಇದು ತಿಳಿಯಲ್ಲ ಅಂದುಕೊಂಡಿದ್ದೆ. ನನ್ನ ಲೆಕ್ಕ ತಿದ್ದುವವಳಿಗೂ ತಿಳಿಯಲ್ಲವಲ್ಲ!

ಮೇ 27

ಕೇಳು. ನಾಲ್ಕನೇ ಕ್ಲಾಸು ಮುಗಿದ ದಿನ ನಮ್ಮಪ್ಪ ನನ್ನ ಕೈಗೆ ಹಾಲಿನ ಬಿಂದಿಗೆ ಕೊಟ್ಟ. ಯಾವುದು ಬೇಕು ಅಂತ ಯಾರೂ ಕೇಳಲಿಲ್ಲ. ಅದಕ್ಕೆ ಅಳಬೇಕಾಗಿಲ್ಲ, ಹೇಳಿದೆ ಅಷ್ಟೆ. ನಿನ್ನನ್ನು ಕೇಳುತ್ತಿದ್ದಾರೆ. ಒಂದು ಮುದುಕಿ, ಒಂದು ಸ್ಕೂಲು, ಎಲ್ಲೋ ಇರುವ ಒಂದು ಕಾಲೇಜು. ಬಾಯಿ ಬಿಡು.

ತೂತು ನೋಡಿ ನಾನು ಸಹಿ ಹಾಕಲ್ಲ. ಬೇಕು, ಆದರೆ ಬೀಳುವ ಭಯ ಅಂದರೆ ಹಾಗೇ ಬರೆ. ಹಬೆಯಲ್ಲಿ ಗೀಚಲು ಚೆಂದ, ಪರೀಕ್ಷೆಗೆ ಬೇಡ ಅಂದರೆ ಅದನ್ನೂ ಬರೆ. ಜನ ಬ್ರೆಡ್ಡಿನ ಮಾತು ಎತ್ತಿದರೆ ನನ್ನ ಹತ್ತಿರ ಕಳಿಸು, ನಾನಿದ್ದೇನೆ. ಕಾಗದ ಹಿಟ್ಟಿನ ಡಬ್ಬದ ಕೆಳಗಿದೆ. ಅದರ ಪಕ್ಕ ಪೆನ್ನೂ ಇದೆ.

ಜೂನ್ ಬರುವುದರೊಳಗೆ ಉತ್ತರ ಬರೆ. ಪೆನ್ಸಿಲಲ್ಲ, ಪೆನ್ನಿನಲ್ಲಿ, ಅಳಿಸಲು ಆಗದ ಹಾಗೆ. ಈ ಪುಟದ ಉಳಿದ ಜಾಗ ನಿನ್ನದು. ನಾನು ಇನ್ನು ಒಂದಕ್ಷರವೂ—