ಗುಡ್ಡಪ್ಪನ ಚರ್ಮ

ಸ್ಟುಡಿಯೊ ವಸತಿ, ಮೂರನೇ ಮಹಡಿ
ಗುರುವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮರಿ,

ನಿನ್ನ ಅತ್ತಿಗೆಯ ಆಶೀರ್ವಾದ. ಬೆನ್ನು ಹಿಡಿದುಕೊಂಡಿದೆ ಎಂದು ಬರೆದಿದ್ದೆಯಲ್ಲ, ಈಗ ಹೇಗಿದೆ? ದಿನವಿಡೀ ಮಕ್ಕಳಿಗೆ ಬಗ್ಗು, ಏಳು ಎನ್ನುವ ಡ್ರಿಲ್ ಮೇಷ್ಟ್ರಿಗೇ ಬಗ್ಗಲು ಬಾರದಿದ್ದರೆ ಶಾಲೆಯವರು ನಗುವುದಿಲ್ಲವೆ? ಬಿಸಿನೀರಿನ ಶಾಖ ಕೊಡು, ಸೋಮಾರಿತನ ಮಾಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೆ? ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ, ಚೆನ್ನಾಗಿಲ್ಲ ಎಂದು ಬರೆದರೆ ಮುಂದಿನ ಬಸ್ಸಿಗೇ ಹತ್ತಿಬಿಡುತ್ತೀಯ. ಆದ್ದರಿಂದ ಇದ್ದೇನೆ ಎಂದಷ್ಟೇ ಬರೆಯುತ್ತೇನೆ. ಬೆರಳುಗಳು ಸೂಜಿ ಹಿಡಿದು ಹಿಡಿದು ಜಡ್ಡುಗಟ್ಟಿವೆ, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ.

ನಿನ್ನ ಕಾಗದ ಸೋಮವಾರವೇ ಬಂತು. ಓದಿ, ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿಟ್ಟು ಮೂರು ದಿನ ಅದರ ಸುತ್ತ ತಿರುಗಾಡಿದೆ. ನಿನ್ನಣ್ಣ ಮಾಡುತ್ತಿದ್ದ ಸಿನಿಮಾದ ಒಂದು ನಿಮಿಷದ ತುಣುಕು ಹೊರಗೆ ಬಿಟ್ಟಿದ್ದಾರಲ್ಲ, ಅದನ್ನು ನೋಡಿದೆ ಎಂದು ಬರೆದಿದ್ದೀಯ. ಆ ದೈತ್ಯಪ್ರಾಣಿ ಮೂರು ಸಲ ತೊಡೆ ತಟ್ಟಿ, ಮತ್ತೆ ಮೂರು ಸಲ ತಟ್ಟಿ, ಬೀದಿಯ ಮೇಲೆ ಕುಸಿಯುವುದನ್ನು ಕಂಡು ಎದೆ ಉಬ್ಬಿತು ಎಂದಿದ್ದೀಯ. ಅಣ್ಣ ಹೋಗುವ ದಿನವೂ ಎಂಥ ಕೆಲಸ ಮಾಡಿ ಹೋದ ಅತ್ತಿಗೆ, ಎಂದಿದ್ದೀಯ. ನಿನ್ನ ಶಾಲೆಯ ಮಕ್ಕಳು ಮೈದಾನದಲ್ಲಿ ತೊಡೆ ತಟ್ಟಿಕೊಂಡು ಬೀಳುವ ಆಟ ಆಡುತ್ತಾರಂತೆ. ಇಲ್ಲಿಯವರೆಗೆ ಹೇಗೋ ಓದಿದೆ. ಅದರ ಕೆಳಗೆ, ಕಂಪನಿಯ ಮ್ಯಾನೇಜರ್ ನಿನಗೆ ಬರೆದಿರುವುದಾಗಿಯೂ, ಬಾಕಿಯಿರುವ ಹದಿನಾಲ್ಕು ದಿನದ ಕೆಲಸಕ್ಕೆ ಅಣ್ಣನ ಬದಲು ನೀನೇ ಆ ಪ್ರಾಣಿಯ ರಬ್ಬರು ಚರ್ಮ ತೊಡಲು ಇಪ್ಪತ್ತನೇ ತಾರೀಖು ಬರುವುದಾಗಿಯೂ ಬರೆದಿದ್ದೀಯ. ‘ಅವನು ಅರ್ಧಕ್ಕೆ ಬಿಟ್ಟಿದ್ದನ್ನ ನಾನು ಮುಗಿಸ್ತೀನಿ’ ಎಂದಿದ್ದೀಯ. ಬರಬೇಡ ಮರಿ. ಯಾಕೆ ಬರಬಾರದು ಎಂದು ಹೇಳುವುದಕ್ಕೇ ಈ ಕಾಗದ. ನಿನ್ನಣ್ಣ ಹೋದಾಗ ನೀನು ಬಂದು ಎರಡು ದಿನ ಇದ್ದೆ, ಆಗ ನಾನು ನಿನಗೆ ಹೇಳಿದ್ದರಲ್ಲಿ ಅರ್ಧ ಸುಳ್ಳು.

ಆ ಪ್ರಾಣಿಗೆ ಸಿನಿಮಾದಲ್ಲಿ ಬಾಯಿ ತಿರುಗದ ಏನೋ ಹೆಸರಿದೆ. ನಾವು ಕೆಲಸದವರು ಗುಡ್ಡಪ್ಪ ಎನ್ನುತ್ತೇವೆ. ಸಮುದ್ರದಿಂದ ಎದ್ದು ಬಂದು ಊರು ತುಳಿಯುತ್ತಾನೆ, ಕಥೆ ಇಷ್ಟೇ, ಆದರೆ ಇಷ್ಟು ಖರ್ಚಿನ ಸಿನಿಮಾ ಈ ಸ್ಟುಡಿಯೊದಲ್ಲಿ ಇದುವರೆಗೆ ಯಾರೂ ತೆಗೆದಿಲ್ಲವಂತೆ. ಕಂಪ್ಯೂಟರಿನಲ್ಲಿ ಮಾಡಿದ ಪ್ರಾಣಿಗೆ ತೂಕವೇ ಇರುವುದಿಲ್ಲ, ಒಳಗೆ ಮನುಷ್ಯನೇ ಇರಬೇಕು ಎಂದು ನಿರ್ದೇಶಕರು ಹಟ ಹಿಡಿದರು. ನಿನ್ನಣ್ಣನನ್ನು ನಿಲ್ಲಿಸಿ ಮೈತುಂಬ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದರು. ಆ ಅಚ್ಚಿನ ಅಳತೆಗೆ ಮೊದಲು ಹತ್ತಿ ಬಟ್ಟೆ, ಅದರ ಮೇಲೆ ಸ್ಪಂಜು, ಅದರ ಮೇಲೆ ರಬ್ಬರು, ರಬ್ಬರಿನ ಮೇಲೆ ಒಂದೊಂದಾಗಿ ಚಿಪ್ಪು. ಹೊಲಿದವಳು ನಾನು. ಎಷ್ಟು ಸೂಜಿ ಮುರಿದವೋ ಲೆಕ್ಕವಿಲ್ಲ. ಮುಗಿದಾಗ ಅರವತ್ತು ಕಿಲೊ ತೂಗುತ್ತಿತ್ತು. ನಿನ್ನಣ್ಣನಿಗೆ ತಮಾಷೆಯಿಲ್ಲದೆ ತುತ್ತು ಇಳಿಯುತ್ತಿರಲಿಲ್ಲವಲ್ಲ, ಮೊದಲ ದಿನ ತೊಟ್ಟುಕೊಂಡು, ‘ಎಲ್ಲಾ ಸರಿಯಾಗಿ ಹೊಲಿದಿದೀಯ ಕಣೇ, ಉಸಿರಿಗೊಂದು ಜೇಬು ಇಡೋದು ಮರೆತಿದೀಯ’ ಅಂದರು. ಹೊಲಿಗೆ ಕೋಣೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ತುಣುಕಿನಲ್ಲಿ ನೀನು ನೋಡಿದ ಊರು ಎಷ್ಟು ಎತ್ತರ ಗೊತ್ತೆ? ನಿನ್ನ ಸೊಂಟದ ಮಟ್ಟಕ್ಕೆ ಬರುತ್ತದೆ. ಬಡಗಿಗಳೂ ಬಣ್ಣದವರೂ ಒಂದೂವರೆ ತಿಂಗಳು ಕೂತು ಕಟ್ಟಿದ ಬೀದಿ ಅದು. ಪ್ಲಾಸ್ಟರಿನ ಮನೆಗಳು, ಕಿಟಕಿಗೆ ತೆಳುಕಾಗದ, ಒಳಗೆ ಬಟಾಣಿಯಷ್ಟು ಬಲ್ಬು. ಒಂದು ಮಾಳಿಗೆಯ ಮೇಲೆ ಒಗೆದು ಹರವಿದ ಬಟ್ಟೆ ಬೇಕೆಂದರು, ಉಗುರಿನಗಲದ ಅಂಗಿಗಳನ್ನು ನಾನೇ ಹೊಲಿದುಕೊಟ್ಟೆ. ಇಷ್ಟೆಲ್ಲ ಒಮ್ಮೆ ತುಳಿದರೆ ಮುಗಿಯಿತು, ಮತ್ತೆ ಮೊದಲಿನಿಂದ ಕಟ್ಟಬೇಕು. ಹಾಗಾಗಿ ಕ್ಯಾಮೆರಾ ಓಡುವಾಗ ಯಾರೂ ಅಡ್ಡ ಬರುವಂತಿಲ್ಲ. ಆಳೆತ್ತರದ ಪ್ರಾಣಿ ಗುಡ್ಡದಷ್ಟು ಭಾರವಾಗಿ ಕಾಣಬೇಕಾದರೆ ಕ್ಯಾಮೆರಾವನ್ನು ನಾಲ್ಕು ಪಟ್ಟು ವೇಗದಲ್ಲಿ ಓಡಿಸಬೇಕಂತೆ, ಆಗ ಪರದೆಯ ಮೇಲೆ ಅದರ ನಡಿಗೆ ನಿಧಾನವಾಗುತ್ತದಂತೆ. ವೇಗ ಹೆಚ್ಚಿದಷ್ಟೂ ಬೆಳಕು ಹೆಚ್ಚು ಬೇಕು. ಆ ದೀಪಗಳ ಕೆಳಗೆ ತೆಳು ಬಟ್ಟೆಯಲ್ಲಿ ನಿಂತರೂ ಮೈ ಚುರುಗುಟ್ಟುತ್ತದೆ, ನಿನ್ನಣ್ಣ ರಬ್ಬರಿನೊಳಗೆ ನಿಲ್ಲುತ್ತಿದ್ದರು. ಗುಡ್ಡಪ್ಪನ ಕತ್ತಿನ ಹತ್ತಿರ ನಾಲ್ಕು ತೂತು, ಅದರಲ್ಲೇ ನೋಡಬೇಕು, ಅದರಲ್ಲೇ ಉಸಿರಾಡಬೇಕು. ಹತ್ತು ನಿಮಿಷಕ್ಕೊಮ್ಮೆ ಬೆನ್ನಿನ ಜಿಪ್ ಬಿಚ್ಚಿ ಫ್ಯಾನಿನ ಮುಂದೆ ಕೂರಿಸಬೇಕೆಂದು ಮಾತಾಗಿತ್ತು. ಬಿಚ್ಚುವ ಕೆಲಸ ನನ್ನದು. ಕಾಲಿನ ಭಾಗ ಕಳಚಿ ಬಗ್ಗಿಸಿದರೆ ಲೋಟಗಟ್ಟಲೆ ಬೆವರು ಸುರಿಯುತ್ತಿತ್ತು.

ಒಳಗಿನಿಂದ ಎಷ್ಟು ಕೂಗಿದರೂ ಹೊರಗೆ ಕೇಳುವುದಿಲ್ಲ. ತೋಳು ಭುಜದಿಂದ ಮೇಲೆ ಏಳುವುದಿಲ್ಲ. ಕೈ ಇಳಿಬಿಟ್ಟರೆ ತೊಡೆಗೆ ತಾಗುತ್ತದೆ, ಅಷ್ಟೆ. ಆದ್ದರಿಂದ ನಾವಿಬ್ಬರೂ ಮೊದಲ ದಿನವೇ ಒಂದು ಸನ್ನೆ ಮಾಡಿಕೊಂಡೆವು. ಬಲಗೈಯಲ್ಲಿ ಮೂರು ಸಲ ತೊಡೆ ತಟ್ಟಿದರೆ, ನನ್ನ ಕೈಲಾಗುತ್ತಿಲ್ಲ, ಬಿಚ್ಚು ಎಂದು. ಎರಡು ತಿಂಗಳಲ್ಲಿ ಏಳೆಂಟು ಸಲ ತಟ್ಟಿದ್ದರು, ಅಷ್ಟೂ ಸಲ ನಾನು ಓಡಿದ್ದೆ. ಒಂದು ದಿನ ನಿರ್ದೇಶಕರು ತೆಗೆದಿದ್ದನ್ನು ಹಾಕಿಸಿ ನೋಡುವಾಗ ಅಂಥದೊಂದು ಅವರ ಕಣ್ಣಿಗೆ ಬಿತ್ತು. ಕುರ್ಚಿಯಿಂದ ಎದ್ದೇ ನಿಂತರು. ‘ಜಟ್ಟಿ ತೊಡೆ ತಟ್ಟಿದ ಹಾಗಿದೆಯಲ್ರೀ! ಇಡೀ ಊರಿಗೇ ಸವಾಲು ಹಾಕ್ತಿದಾನೆ. ಸಿಟ್ಟು ಬಂದಾಗೆಲ್ಲ ಹೀಗೇ ಮಾಡ್ಲಿ.’ ಅದು ಏನೆಂದು ನಾನು ಹೇಳಿದೆ. ಹೌದಾ ಎಂದು ನಕ್ಕರು, ಹಾಗಾದರೆ ನಿಮ್ಮ ಸನ್ನೆ ಬೇರೆ ಮಾಡಿಕೊಳ್ಳಿ ಎಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ಅಂದಿನಿಂದ ತೊಡೆ ತಟ್ಟಿದರೆ ಗುಡ್ಡಪ್ಪನ ಸಿಟ್ಟು, ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿ ನಿಂತರೆ ಬಿಚ್ಚಬೇಕು ಎಂದಾಯಿತು. ಆ ಸಂಜೆ ಮೆಟ್ಟಿಲು ಹತ್ತುವಾಗ ನಿನ್ನಣ್ಣ, ‘ಕೈಗೆ ಆ ಅಭ್ಯಾಸ ಕೂತುಬಿಟ್ಟಿದೆ ಕಣೇ, ಹಳೇದೇ ಇರ್ಲಿ ಅಂತ ನೀನಾದ್ರೂ ಹೇಳು’ ಎಂದರು. ನಾನು ಹೇಳಲಿಲ್ಲ. ಅಷ್ಟು ದೊಡ್ಡ ಮನುಷ್ಯ ಮೆಚ್ಚಿಕೊಂಡಿದ್ದಕ್ಕೆ ತಗಾದೆ ತೆಗೆದರೆ ಚೆನ್ನಾಗಿರುವುದಿಲ್ಲ ಎಂದುಬಿಟ್ಟೆ. ನನಗೂ ಒಳಗೊಳಗೆ ಹೆಮ್ಮೆ ಇತ್ತು ಮರಿ, ಸುಳ್ಳು ಯಾಕೆ ಹೇಳಲಿ. ಹೊಸ ಸನ್ನೆಯನ್ನು ಒಂದೇ ಒಂದು ಸಲ ಅಭ್ಯಾಸ ಮಾಡಿದೆವು, ಅದೂ ಕೋಣೆಯಲ್ಲಿ, ಬನಿಯನ್ನಿನಲ್ಲಿ, ನಗುತ್ತಾ.

ಆಮೇಲೆ ನಾಲ್ಕನೇ ದಿನ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ದೊಡ್ಡ ಬೀದಿಯ ಶಾಟ್. ಹಿಂದಿನ ದಿನ ಬೆನ್ನಿನ ಜಿಪ್ ಕಾಣಿಸಿತೆಂದು ಬೈಸಿಕೊಂಡಿದ್ದೆ, ಅದಕ್ಕೆ ಅಂದು ಜಿಪ್ಪಿನ ಮೇಲೆ ಚಿಪ್ಪಿನ ಪಟ್ಟಿಯಿಟ್ಟು ಗಟ್ಟಿಯಾಗಿ ಅಂಟು ಹಾಕಿದ್ದೆ. ದೀಪ ಸರಿಮಾಡುವುದರಲ್ಲೇ ಹತ್ತು ನಿಮಿಷ ಕಳೆಯಿತು. ಅಂಟು ಬಿಚ್ಚಿ ಮತ್ತೆ ಹಾಕಲು ಅರ್ಧ ಗಂಟೆ ಬೇಕು, ಇನ್ನೇನು ಮುಗಿಯಿತು ಎಂದರು, ನಾನೂ ಹೂಂ ಅಂದೆ. ಕ್ಯಾಮೆರಾ ಓಡಿತು. ನಿನ್ನಣ್ಣ ಬೀದಿಗೆ ಕಾಲಿಟ್ಟು ಎರಡು ಮನೆ ತುಳಿದು ನಿಂತರು. ಬಲಗೈ ಮೂರು ಸಲ ತೊಡೆ ತಟ್ಟಿತು. ನಿರ್ದೇಶಕರು ಪಕ್ಕದವರ ಭುಜ ಹಿಸುಕಿ ‘ಆಹಾ’ ಅಂದರು. ನಾನೂ ಎಷ್ಟು ಚೆನ್ನಾಗಿ ಮಾಡುತ್ತಿದ್ದಾರೆ ಅಂದುಕೊಂಡೆ. ಮತ್ತೆ ಮೂರು ಸಲ ತಟ್ಟಿದರು. ಈ ಸಲ ಕೈ ಬೇರೆ ಥರ ಇತ್ತು. ಒಂದು ಹೆಜ್ಜೆ ಮುಂದಿಟ್ಟೆ. ಮ್ಯಾನೇಜರ್ ಕೈ ಅಡ್ಡ ಹಿಡಿದು, ‘ಅಮ್ಮಾ, ಶಾಟ್ ಓಡ್ತಿದೆ’ ಎಂದು ಪಿಸುಗುಟ್ಟಿದರು. ಬೆನ್ನು ತಿರುಗಿಸಿಲ್ಲವಲ್ಲ, ನಟನೆಯೇ ಇರಬೇಕು ಎಂದು ನಾನು ನಿಂತೆ. ಅವರು ನನ್ನನ್ನು ಹಿಡಿದು ನಿಲ್ಲಿಸಲಿಲ್ಲ. ನಾನಾಗಿಯೇ ನಿಂತೆ. ಗುಡ್ಡಪ್ಪ ಮುಗ್ಗರಿಸಿ ಆ ಬಟ್ಟೆ ಹರವಿದ ಮಾಳಿಗೆಯ ಮೇಲೆ ಬಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೂ ಅವರು ಏಳಲಿಲ್ಲ. ಅಂಟು ಜಪ್ಪಯ್ಯ ಅಂದರೂ ಬಿಡಲಿಲ್ಲ, ಕೊನೆಗೆ ಕತ್ತರಿಯಲ್ಲಿ ಬೆನ್ನನ್ನು ಸೀಳಿದೆ. ಒಳಗಿನಿಂದ ಬಂದ ಬಿಸಿ ನನ್ನ ಮುಖಕ್ಕೆ ರಾಚಿತು. ನಿನ್ನಣ್ಣನ ಕಣ್ಣು ತೆರೆದೇ ಇತ್ತು.

ಎದೆ ಮೊದಲಿನಿಂದಲೂ ದುರ್ಬಲವಾಗಿತ್ತು, ಮನೆಯವರು ಮುಚ್ಚಿಟ್ಟಿದ್ದರು, ಶಾಟ್ ಮುಗಿದು ವಿಶ್ರಾಂತಿಯಲ್ಲಿದ್ದಾಗ ಹೋದರು ಎಂದು ಆಫೀಸಿನವರು ಬರೆದುಕೊಂಡರು. ನಾನು ಸಹಿ ಹಾಕಿದೆ. ನೀನು ಬಂದಾಗ ನಿನಗೂ ಅದನ್ನೇ ಹೇಳಿದೆ. ಆಗ ನೀನು, ಸುಖವಾಗಿ ಹೋದನಲ್ಲ ಅತ್ತಿಗೆ ಎಂದು ನನ್ನ ಕೈ ಹಿಡಿದು ಅತ್ತುಬಿಟ್ಟೆ. ಈಗ ನೀನು ಎದೆಯುಬ್ಬಿಸಿ ನೋಡಿದ್ದು, ನಿನ್ನ ಶಾಲೆಯ ಮಕ್ಕಳು ಆಡುತ್ತಿರುವುದು ನಟನೆಯಲ್ಲ. ನನ್ನನ್ನು ಬಿಚ್ಚು ಎಂದು ನಿನ್ನಣ್ಣ ನನ್ನನ್ನು ಆರು ಸಲ ತಟ್ಟಿ ಕೇಳಿದ್ದು. ಆ ಮಕ್ಕಳನ್ನು ಬೈಯಬೇಡ, ಅವಕ್ಕೇನು ಗೊತ್ತು.

ಈ ಸಲ ಫ್ಯಾನಿನ ಪೈಪು ಒಳಗೇ ಇಡುತ್ತೇವೆ, ಡಾಕ್ಟರನ್ನು ಪಕ್ಕದಲ್ಲೇ ನಿಲ್ಲಿಸುತ್ತೇವೆ ಎಂದು ನಿನಗೆ ಬರೆದಿರುತ್ತಾರೆ. ಇಡಬಹುದು, ನಿಲ್ಲಿಸಲೂಬಹುದು. ಅವರು ಕೆಟ್ಟವರಲ್ಲ. ಸಿನಿಮಾ ನಿಂತರೆ ಬಡಗಿಗಳು, ಬಣ್ಣದವರು, ಹೊಲಿಗೆಯವರು ಎಲ್ಲ ಮನೆಗೆ ಹೋಗಬೇಕು, ನನ್ನನ್ನು ಕಂಡರೆ ತಲೆ ತಗ್ಗಿಸುತ್ತಾರೆ, ನನಗೂ ಸಂಕಟವಾಗುತ್ತದೆ. ಆದರೆ ಕ್ಯಾಮೆರಾ ಓಡುವಾಗ ಅಲ್ಲಿ ಯಾರೂ ಯಾರನ್ನೂ ನಿಲ್ಲಿಸುವುದಿಲ್ಲ. ಹೆಂಡತಿಯೇ ನಿಲ್ಲಿಸಲಿಲ್ಲ. ನಿನ್ನನ್ನು ಹನ್ನೊಂದು ವರ್ಷದವನಿದ್ದಾಗಿನಿಂದ ಸಾಕಿದ್ದೇನೆ, ಆ ಸಲುಗೆಯಿಂದ ಹೇಳುತ್ತಿದ್ದೇನೆ, ಇಪ್ಪತ್ತಕ್ಕೆ ನೀನು ಬಸ್ಸು ಹತ್ತಕೂಡದು. ಬರುವುದಿಲ್ಲ ಎಂದು ಎರಡು ಸಾಲು ಮ್ಯಾನೇಜರಿಗೆ ಬರೆದುಬಿಡು. ಕಾರಣ ಬೇಕೆಂದರೆ ಬೆನ್ನುನೋವು ಎನ್ನು.

ಇನ್ನು ಯಾರ ಆಯಸ್ಸನ್ನೂ ನಂಬುವ ಧೈರ್ಯ ನನಗಿಲ್ಲ. ಆದರೂ ಹಿರಿಯಳಾಗಿ ಹರಸುವುದು ನನ್ನ ಹಕ್ಕು. ತಣ್ಣಗೆ, ನೂರು ವರ್ಷ ಬಾಳು. ನಿನ್ನ ಹೆಡ್‌ಮೇಷ್ಟ್ರಿಗೂ ಪಕ್ಕದ ಮನೆಯ ಅಜ್ಜಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಅತ್ತಿಗೆ

ವಿ. ಸೂ.: ಲಕೋಟೆಗೆ ಹಾಕಿ ಮತ್ತೆ ಹೊರಗೆ ತೆಗೆದೆ. ಇದನ್ನು ಬರೆಯದೆ ಕಳಿಸಿದರೆ ಈ ಕಾಗದವೂ ಅರ್ಧ ಸುಳ್ಳಾಗುತ್ತದೆ. ಕಂಪನಿಯವರು ನಿನ್ನನ್ನು ತಾವಾಗಿ ಹುಡುಕಲಿಲ್ಲ. ನೀನು ಊರಿಗೆ ಮರಳಿದ ಮೇಲೆ ನಾನು ಕೆಲಸಕ್ಕೆ ಹೋದ ಮೊದಲ ದಿನ, ಸೀಳಿದ ಬೆನ್ನು ಹೊಲಿಯಲೆಂದು ಗುಡ್ಡಪ್ಪನ ಚರ್ಮವನ್ನು ತಂದು ನನ್ನ ಮೇಜಿನ ಮೇಲೆ ಹಾಕಿದರು. ಮ್ಯಾನೇಜರ್ ಪಕ್ಕದಲ್ಲಿ ನಿಂತು, ‘ಇದು ಇನ್ಯಾರಿಗಾದ್ರೂ ಆಗುತ್ತಾಮ್ಮಾ?’ ಎಂದು ಕೇಳಿದರು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ತಲೆಯನ್ನೂ ಎತ್ತದೆ, ‘ನನ್ನ ಮೈದುನನಿಗೆ ಆಗುತ್ತೆ, ಎದೆ, ಭುಜ, ಎತ್ತರ ಎಲ್ಲಾ ಇವರದ್ದೇ ಅಳತೆ’ ಎಂದುಬಿಟ್ಟೆ. ನೀನು ದೊಡ್ಡವನಾದಾಗಿನಿಂದ ನಿಮ್ಮಿಬ್ಬರಿಗೂ ಒಂದೇ ಅಳತೆಯಲ್ಲಿ ಅಂಗಿ ಹೊಲಿದವಳು ನಾನು, ಯಾರೋ ಅಳತೆ ಕೇಳಿದರು, ಹೇಳಿದೆ. ಏನು ಹೇಳಿದೆ ಎಂದು ಹೇಳಿದ ಮೇಲೆ ತಿಳಿಯಿತು, ಅಷ್ಟರಲ್ಲಿ ಅವರು ನಿನ್ನ ವಿಳಾಸ ಕೇಳುತ್ತಿದ್ದರು, ಅದನ್ನೂ ಕೊಟ್ಟೆ. ಬೆನ್ನನ್ನು ಹೊಲಿದು ಮುಗಿಸಿದ್ದೂ ನಾನೇ, ಅದು ಈಗ ನಿನಗೆಂದು ಸಿದ್ಧವಾಗಿ ಗೂಟಕ್ಕೆ ನೇತಾಡುತ್ತಿದೆ. ನನ್ನನ್ನು ಬೈಯುವುದಿದ್ದರೆ ಬಂದು ಬೈಯಬೇಡ, ಬರೆದು ಬೈ.